ಹಿಡಿಕೆಯ ಅಳತೆ

ಮಿನಿಯಾಪೊಲಿಸ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಎರಡು ಚಳಿಗಾಲದ ಹಿಂದೆ ಒಂದು ಸಲಿಕೆಯ ಫೋಟೋ ಕಳಿಸಿದ್ದ. ಮನೆಮುಂದಿನ ಹಿಮ ಬಾಚುವ ಸಲಿಕೆ. ಅದರ ಕಾವು ನೆಟ್ಟಗಿರಲಿಲ್ಲ, ನಡುವೆ ಬಳುಕಿ ಕೆಳಗಿಳಿದಿತ್ತು. ಬಾಚುವವರು ಹೆಚ್ಚು ಬಾಗದಿರಲಿ ಎಂದು ಹಾಗೆ ಮಾಡಿದ್ದಂತೆ. ಬಾಯಿ ಪ್ಲಾಸ್ಟಿಕ್ಕಿನದು, ಅಂಚಿಗಷ್ಟೇ ಲೋಹದ ಪಟ್ಟಿ, ಕಾವಿನ ನಡುವೆ ಇನ್ನೊಂದು ಕೈಗೆಂದು ಎರಡನೆಯ ಹಿಡಿಕೆ. ಹಿಮ ನೋಡಲು ಹತ್ತಿಯಂತಿದ್ದರೂ ತೂಕ ಕಡಿಮೆಯದಲ್ಲ. ಆಗಷ್ಟೇ ಬಿದ್ದ ಹಿಮ ಒಂದು ಘನ ಮೀಟರಿಗೆ ನೂರು ಕಿಲೋದ ಆಸುಪಾಸಿದ್ದರೆ, ನೀರು ಕುಡಿದ ಹಿಮ ಮುನ್ನೂರನ್ನೂ ದಾಟುತ್ತದೆ. ದೊಡ್ಡ ಹಿಮಪಾತದ ಮರುದಿನ ಬಾಚಲು ಹೋಗಿ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರುವವರು ಅಲ್ಲಿ ಪ್ರತಿವರ್ಷ ಇರುತ್ತಾರೆ. ಹಾಗಾಗಿ ತಳ್ಳುವುದಕ್ಕೊಂದು, ಎತ್ತಿ ಎಸೆಯುವುದಕ್ಕೊಂದು, ಮಡಚಿ ಕಾರಿನಲ್ಲಿಡುವುದಕ್ಕೊಂದು ಸಲಿಕೆ ಎಂದು ಅಂಗಡಿಯ ಒಂದು ಗೋಡೆಯೇ ತುಂಬಿರುತ್ತದೆ ಅಂದ.

ಫೋಟೋ ನೋಡಿದ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಹಿಡಿಯೋರು ಯಾರು, ಕೂಲಿಯವರೋ ಮನಿಯವರೋ?" ಮನೆಯವರೇ ಅಂದೆ. "ಹಂಗಂದ್ರ ಸರಿ ಬಿಡು" ಅಂದಳು.

ನೀತಿಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಓದಿದ ಪುಸ್ತಕಗಳಲ್ಲಿ ಈ ಪ್ರಶ್ನೆ ಇಷ್ಟು ಚಿಕ್ಕದಾಗಿ ಎಲ್ಲೂ ಸಿಕ್ಕಿರಲಿಲ್ಲ. ಒಂದು ಉಪಕರಣ ಸುಧಾರಿಸಿತು ಎನ್ನುತ್ತೇವೆ. ಯಾರ ಪಾಲಿಗೆ? ಹಿಮದ ಸಲಿಕೆಯಲ್ಲಿ ಅದನ್ನು ಕೊಳ್ಳುವವನ ಬೆನ್ನೂ ನೋಯುವ ಬೆನ್ನೂ ಒಂದೇ. ಕಿಸೆಯಲ್ಲಿ ದುಡ್ಡಿರುವ ಬೆನ್ನಿನ ಮಾತನ್ನು ಕಾರ್ಖಾನೆಗಳು ಬೇಗ ಕೇಳಿಸಿಕೊಳ್ಳುತ್ತವೆ. ಬೆನ್ನು ಒಬ್ಬರದು, ಕಿಸೆ ಇನ್ನೊಬ್ಬರದು ಆದಾಗ ಏನಾಗುತ್ತದೆ ಎಂದು ನೋಡಲು ನಾನು ದೂರ ಹೋಗಬೇಕಿಲ್ಲ.

ಬಬಲೇಶ್ವರ ತಾಲ್ಲೂಕಿನ ನಮ್ಮ ನಿಡೋಣಿಯಲ್ಲಿ ಬಾಚಲು ಹಿಮವಿಲ್ಲ, ಕಸವಿದೆ. ಹೊಲದ ಕಳೆಗೆ ನಮ್ಮಲ್ಲಿ ಕಸ ಎಂದೇ ಹೆಸರು. ಅದನ್ನು ತೆಗೆಯುವುದು ಕುರ್ಪಿ: ಅಂಗೈಯಷ್ಟು ಅಗಲದ ಕಬ್ಬಿಣದ ಅಲಗು, ಹಿಡಿ ತುಂಬುವಷ್ಟು ಕಟ್ಟಿಗೆಯ ಹಿಡಿಕೆ. ಹೆಂಗಸರು ಸಾಲಿಗೊಬ್ಬರಂತೆ ಕುಕ್ಕರಗಾಲಲ್ಲಿ ಕೂತು, ಬಲಗೈಯಿಂದ ಕೆರೆಯುತ್ತ, ಎಡಗೈಯಿಂದ ಕಿತ್ತು ಒಗ್ಗೂಡಿಸುತ್ತ, ಕೂತಲ್ಲಿಂದಲೇ ಪಾದ ಜರುಗಿಸುತ್ತ ಮುಂದೆ ಹೋಗುತ್ತಾರೆ. ಮುಂಜಾನೆಯಿಂದ ಸಂಜೆಯವರೆಗೆ ಹೀಗೆ. ನಮ್ಮ ಆಯಿ ಕೊನೆಗಾಲದಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅದನ್ನು ಯಾರೂ ರೋಗ ಎನ್ನಲಿಲ್ಲ, ವಯಸ್ಸು ಎಂದರು. ಅದೇ ವಯಸ್ಸಿನ, ಹೊಲ ಇದ್ದ ಮನೆಯ ಹೆಂಗಸರು ನೆಟ್ಟಗೇ ನಡೆಯುತ್ತಿದ್ದರು.

ಕುರ್ಪಿ ಏಕೆ ಬದಲಾಗಿಲ್ಲ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ನಮ್ಮ ರೈತರು ಹಳೆಯದನ್ನು ಬಿಡುವುದಿಲ್ಲ ಎನ್ನುವುದು. ಇದನ್ನು ನಾನು ಒಪ್ಪುವುದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ತಂದಾಗ ರೈತರು ಹಿಂದೆ ಸರಿದರೆಂಬುದು ನಿಜ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವಾಗುತ್ತದೆ ಎಂಬ ಅಂಜಿಕೆಯಿಂದ ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಹಿಡಿದವಂತೆ. ಆದರೆ ಅಂಜಿಕೆ ಹೋಯಿತು, ಆ ನೇಗಿಲು ಈ ಸೀಮೆಯಲ್ಲೆಲ್ಲ ಹಬ್ಬಿತು. ಈಗ ದ್ರಾಕ್ಷಿ ತೋಟಗಳನ್ನೇ ನೋಡಿ. ಚಾಟನಿಗೆ ಬಳಸುವ ಕತ್ತರಿಗೆ ಸ್ಪ್ರಿಂಗ್ ಇದೆ, ಬೆರಳು ನೋಯದಂತೆ ಹಿಡಿಕೆಗೆ ರಬ್ಬರಿನ ಹೊದಿಕೆ ಇದೆ. ಬಳ್ಳಿಯ ಮೇಲೆ ತಪ್ಪು ಪೆಟ್ಟು ಬಿದ್ದರೆ ವರ್ಷದ ಬೆಳೆಯೇ ಹೋಗುತ್ತದೆ, ಅದಕ್ಕೇ ಮಾಲೀಕ ಒಳ್ಳೆಯ ಕತ್ತರಿ ಕೊಂಡು ಕೊಡುತ್ತಾನೆ. ಅದೇ ತೋಟದ ಬುಡದಲ್ಲಿ ಕಸ ತೆಗೆಯುವ ಹೆಂಗಸು ತನ್ನ ಕುರ್ಪಿಯನ್ನು ತಾನೇ ಮನೆಯಿಂದ ತರುತ್ತಾಳೆ.

ಇದರ ಹಿಂದೆ ಹಳೆಯದೊಂದು ಏರ್ಪಾಡು ಕೆಲಸ ಮಾಡಿದೆ ಎಂದು ನನ್ನ ಊಹೆ. ಆಯದ ಪದ್ಧತಿಯಲ್ಲಿ ಕಂಬಾರ, ಬಡಿಗೇರರಿಗೆ ವರ್ಷದ ಕಾಳು ಕೊಡುತ್ತಿದ್ದವರು ಹೊಲ ಇದ್ದವರು. ಕುಲುಮೆಯ ಮುಂದೆ ಕೂತು, ಈ ಕುಡ ಸರಿ ಕೂತಿಲ್ಲ, ಈ ಕೂರಿಗೆಯ ತಾಳು ಬಿಗಿಯಾಗಲಿ ಎಂದು ಹೇಳುವ ಹಕ್ಕು ಅವರಿಗಿತ್ತು. ಬಿತ್ತುವ ಕೂರಿಗೆಯಲ್ಲಿ ಎಷ್ಟು ನಾಜೂಕು ಇದೆ ಎಂಬುದನ್ನು ಗಮನಿಸಿ. ಬೀಜದ ಅಂತರ, ಆಳ, ಸಾಲು ಎಲ್ಲದಕ್ಕೂ ಅದರಲ್ಲಿ ಲೆಕ್ಕವಿದೆ. ತಲೆಮಾರುಗಳ ಕಾಲ ರೈತನೂ ಬಡಿಗೇರನೂ ಜಗಳಾಡಿ ತಿದ್ದಿದ ಲೆಕ್ಕ ಅದು. ಕುರ್ಪಿಯ ಬಗ್ಗೆ ಅಂಥ ಜಗಳ ಆಡುವ ಜಾಗವೇ ಹೊಲವಿಲ್ಲದ ಹೆಣ್ಣುಮಗಳಿಗೆ ಇರಲಿಲ್ಲ. ಅವಳು ಸಂತೆಯಲ್ಲಿ ಇದ್ದುದನ್ನು ಇದ್ದ ಹಾಗೆ ಕೊಂಡಳು. ನಮ್ಮ ಕಾಲದಲ್ಲಿ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಕೂರಿಗೆಯನ್ನೂ ಹುಣಸೆಬೀಜ ಬಿಡಿಸುವ ಸಾಧನವನ್ನೂ ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಅವರು ಸ್ವತಃ ರೈತರು, ಏನು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಕಸ ತೆಗೆಯುವ ಕೈಗೂ ಗೊತ್ತಿರುವುದು ಬಹಳ ಇದೆ, ಅದಕ್ಕೆ ಕುಲುಮೆಯ ಮುಂದೆ ಕೂರುವ ಜಾಗವಿಲ್ಲ ಅಷ್ಟೆ.

ಹಿಡಿಕೆಯ ಉದ್ದ ಬರೀ ಕಸುಬಿನ ವಿಷಯವಲ್ಲ ಎನ್ನುವುದಕ್ಕೆ ದಾಖಲೆಯಾಗಿರುವ ದೊಡ್ಡ ಸಾಕ್ಷಿ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಲೆಟ್ಯೂಸ್, ಬೀಟ್ ಹೊಲಗಳಲ್ಲಿ ಮೆಕ್ಸಿಕೊ ಮೂಲದ ಕೂಲಿಗಳು ಗಿಡ್ಡ ಕಾವಿನ ಗುದ್ದಲಿಯಿಂದ ಕೆಲಸ ಮಾಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಎಲ್ ಕೊರ್ಟಿಟೊ, ಅಂದರೆ ಗಿಡ್ಡ. ದಿನವಿಡೀ ಸೊಂಟ ಮುರಿದು ಬಾಗಬೇಕು. ಉದ್ದ ಕಾವಿನದು ಕೊಟ್ಟರೆ ಸಸಿಗೆ ಪೆಟ್ಟಾಗುತ್ತದೆ, ಕೆಲಸದಲ್ಲಿ ನಾಜೂಕು ಇರುವುದಿಲ್ಲ ಎಂದು ಮಾಲೀಕರು ವಾದಿಸಿದರು. ಇನ್ನೊಂದು ಅನುಕೂಲವೂ ಇತ್ತು: ಯಾರಾದರೂ ನೆಟ್ಟಗೆ ನಿಂತರೆ ಸುಮ್ಮನಿದ್ದಾರೆ ಎಂದು ಮೇಲ್ವಿಚಾರಕನಿಗೆ ದೂರದಿಂದಲೇ ತಿಳಿಯುತ್ತಿತ್ತು. ವೈದ್ಯರು ಬಂದು ಬೆನ್ನುಮೂಳೆಯ ಕಥೆ ಹೇಳಿದರು, ಬಡವರ ಪರವಾದ ವಕೀಲರು ಹೋರಾಡಿದರು. 1975ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಗಿಡ್ಡ ಗುದ್ದಲಿ ನಿಷೇಧವಾಯಿತು. ಕೃಷಿ ಮುಳುಗಲಿಲ್ಲ, ಉದ್ದ ಕಾವಿನಿಂದಲೇ ಲೆಟ್ಯೂಸ್ ಬೆಳೆಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುದ್ದಲಿಯನ್ನು ಕಸಿದುಕೊಂಡ ಮೇಲೆ ಕೆಲವು ಹೊಲಗಳಲ್ಲಿ ಬರಿಗೈಯಿಂದ ಕಸ ಕೀಳಿಸತೊಡಗಿದರು. ಬಾಗುವುದು ಹಾಗೇ ಉಳಿಯಿತು, ಉಪಕರಣ ಮಾತ್ರ ಹೋಯಿತು. ಅದಕ್ಕೂ ನಿರ್ಬಂಧ ಬಂದದ್ದು 2004ರಲ್ಲಿ.

ಈ ಕಥೆ ಓದಿದಾಗ ನಮ್ಮ ಕುರ್ಪಿಗೂ ಉದ್ದ ಕಾವು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದನ್ನು ನಮ್ಮ ಓಣಿಯ ಹೆಂಗಸರ ಮುಂದೆ ಇಟ್ಟೆ. ನಗದೇ ಕೇಳಿದರು ಎಂಬುದೇ ಅವರ ದೊಡ್ಡತನ. ಅವರಲ್ಲಿ ಹಿರಿಯಳಾದ ಒಬ್ಬ ಅತ್ತಿ ಹೇಳಿದಳು: "ತಂಗಿ, ಹಿಡಿಕಿ ಉದ್ದಾದ್ರ ಕಣ್ಣು ದೂರ ಆಗತಾವ. ಜ್ವಾಳದ ಸಸಿ ಯಾವುದು, ಹುಲ್ಲು ಯಾವುದು ನಿಂತು ನೋಡಿದ್ರ ತಿಳಿಯೂದಿಲ್ಲ. ಕುಂತ್ರನ ತಿಳಿಯೂದು." ಇದು ಕ್ಯಾಲಿಫೋರ್ನಿಯಾದ ಮಾಲೀಕರ ವಾದವೇ ಅಲ್ಲವೆ? ಮಾತು ಅದೇ, ಬಾಯಿ ಬೇರೆ. ಮಾಲೀಕನ ಬಾಯಲ್ಲಿ ನಾಜೂಕು ಎಂಬುದು ಇನ್ನೊಬ್ಬರ ಬೆನ್ನನ್ನು ಬಗ್ಗಿಸುವ ನೆಪ. ಅತ್ತಿಯ ಬಾಯಲ್ಲಿ ಅದು ಅವಳ ವಿದ್ಯೆ. ಎಳೆಯ ಜೋಳವನ್ನೂ ಹುಲ್ಲನ್ನೂ ಬೇರೆ ಮಾಡುವ ಆ ಕಣ್ಣನ್ನು ಲೆಕ್ಕಕ್ಕೆ ಹಿಡಿಯದ ಸುಧಾರಣೆ ಅವಳ ಬೆನ್ನನ್ನು ಉಳಿಸಿ ಅವಳನ್ನೇ ಕಳೆದುಬಿಡುತ್ತದೆ. ಮಾತು ನಿಜವೋ ಸುಳ್ಳೋ ಎಂದು ನೋಡುವಾಗ ಹೇಳಿದವರಾರು ಎಂಬುದನ್ನು ಪಕ್ಕಕ್ಕಿಡಬೇಕೆಂದು ತರ್ಕಶಾಸ್ತ್ರ ಕಲಿಸುತ್ತದೆ. ಒಪ್ಪುತ್ತೇನೆ. ಆದರೆ ಆ ಮಾತಿನ ಬೆಲೆಯನ್ನು ಯಾರ ಮೈ ತೆರುತ್ತದೆ ಎಂಬುದನ್ನೂ ಪಕ್ಕಕ್ಕಿಡು ಎಂದು ಅದು ಹೇಳುವುದಿಲ್ಲ.

ಇನ್ನೊಂದು ಮಾತೂ ಬಂತು. ಕಿತ್ತ ಕಸ ಅವರಿಗೆ ಬರೀ ಕಸವಲ್ಲ. ಸಂಜೆ ಹೊರೆ ಕಟ್ಟಿ ಆಡಿಗೋ ಎಮ್ಮೆಗೋ ಒಯ್ಯುತ್ತಾರೆ. ಹತ್ತರಕಿ ಸಿಕ್ಕರೆ ರೊಟ್ಟಿಯ ಜೊತೆಗಾಗುತ್ತದೆ, ಕಿರಕಸಾಲಿ ಸಿಕ್ಕರೆ ಪಲ್ಯವಾಗುತ್ತದೆ. ಹಳೆಯ ಸೈಕಲ್ಲಿನ ಗಾಲಿಗೆ ಅಲಗು ಕಟ್ಟಿ ನಿಂತು ತಳ್ಳುವ ಎಡೆಕುಂಟಿ ನಮ್ಮ ಕಡೆಯ ಹೊಲಗಳಿಗೆ ಬಂದಾಗ ಅದು ಕಸವನ್ನು ಕೊಯ್ದು ಮಣ್ಣಲ್ಲೇ ಬಿಟ್ಟಿತು. ಮೇವು ಹೋಯಿತು, ಪಲ್ಯ ಹೋಯಿತು. ಅದನ್ನು ತಳ್ಳಿದವರು ಹೆಚ್ಚಾಗಿ ಗಂಡಸರು. ಬಾಗಿ ಮಾಡುವ ತನಕ ಹೆಂಗಸರದಾಗಿದ್ದ ಕೆಲಸ, ನಿಂತು ಮಾಡುವಂತಾದ ಕೂಡಲೇ ಗಂಡಸರದಾಯಿತು! ಇದರ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬೇಕು. ನನ್ನ ವಿಷಯ ಆಗಲೇ ನೋಂದಣಿಯಾಗಿಬಿಟ್ಟಿದೆ.

ಹಾಗಂತ ಎಡೆಕುಂಟಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಸಾಲಿನ ನಡುವಿನ ಕಸಕ್ಕೆ ಅದು ನಿಜವಾಗಿಯೂ ಒಳ್ಳೆಯದು, ಸಸಿಯ ಮಗ್ಗುಲಿನ ಕಸಕ್ಕಷ್ಟೇ ಕುರ್ಪಿ ಬೇಕು. ತನ್ನದೇ ಎರಡೆಕರೆ ಇರುವ ಹೆಂಗಸಿಗೆ ಅದು ವರ. ಕೂಲಿಯವಳಿಗೆ? ಅದು ಕೂಲಿಯ ಬಗೆಯನ್ನು ನೆಚ್ಚಿದೆ. ದಿನಗೂಲಿಯಾದರೆ ಐದು ದಿನದ ಕೆಲಸ ಎರಡು ದಿನಕ್ಕೆ ಮುಗಿದಾಗ ಉಳಿದ ಮೂರು ದಿನದ ದುಡ್ಡು ಮಾಲೀಕನ ಕಿಸೆಯಲ್ಲಿ ಉಳಿಯುತ್ತದೆ. ಗುತ್ತಿಗೆಗೆ ಹಿಡಿದಿದ್ದರೆ ಅದೇ ಎರಡು ದಿನಕ್ಕೆ ಐದು ದಿನದ ಹಣ ಹೆಂಗಸರಿಗೆ ಬರುತ್ತದೆ, ಮುಂದಿನ ವರ್ಷ ಗುತ್ತಿಗೆಯ ದರ ಇಳಿಯುವ ತನಕ. ಅದೇ ಕಬ್ಬಿಣ, ಅದೇ ಗಾಲಿ, ಅದೇ ಹೊಲ. ಆದರೂ ಒಂದೆಡೆ ಅದು ಬಿಡುಗಡೆ, ಇನ್ನೊಂದೆಡೆ ಕೆಲಸ ಕಳೆದುಕೊಳ್ಳುವ ದಾರಿ. ಉಪಕರಣದೊಳಗೆ ನೀತಿ ಇದೆಯೇ, ಬಳಸುವ ಏರ್ಪಾಡಿನಲ್ಲಿ ಇದೆಯೇ ಎಂಬ ಚರ್ಚೆ ನಮ್ಮ ಸೆಮಿನಾರುಗಳಲ್ಲಿ ಮುಗಿಯುವುದೇ ಇಲ್ಲ. ಎರಡರಲ್ಲೂ ಇದೆ ಎಂದು ಈ ಹೆಂಗಸರು ಲೆಕ್ಕ ಹಾಕಿಯೇ ಬಿಟ್ಟಿದ್ದಾರೆ.

ಸಲಿಕೆಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಇದೆ. 1900ರ ಆಸುಪಾಸಿನಲ್ಲಿ ಅಮೆರಿಕದ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಸಲಿಕೆಗಳನ್ನು ಪರೀಕ್ಷಿಸಿದ. ಒಂದು ಸಲಿಕೆಗೆ ಸುಮಾರು 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋ ಭಾರವಿದ್ದರೆ ಒಬ್ಬ ಮನುಷ್ಯ ದಿನಕ್ಕೆ ಅತಿ ಹೆಚ್ಚು ಎತ್ತಬಲ್ಲ ಎಂದು ಕಂಡುಕೊಂಡ. ಭಾರದ ಅದಿರಿಗೆ ಚಿಕ್ಕ ಸಲಿಕೆ, ಹಗುರ ಬೂದಿಗೆ ದೊಡ್ಡ ಸಲಿಕೆ ಮಾಡಿಸಿದ. ಅವನೇ 1911ರ ತನ್ನ ಪುಸ್ತಕದಲ್ಲಿ ಕೊಟ್ಟ ಲೆಕ್ಕದಂತೆ ದಿನದ ಕೂಲಿ 1.15 ಡಾಲರಿನಿಂದ 1.88ಕ್ಕೆ ಏರಿತು, ಒಬ್ಬನು ಎತ್ತುವ ಭಾರ 16 ಟನ್ನಿನಿಂದ 59ಕ್ಕೆ ಏರಿತು, ನಾನೂರರಿಂದ ಆರುನೂರು ಮಂದಿ ಮಾಡುತ್ತಿದ್ದ ಕೆಲಸಕ್ಕೆ 140 ಮಂದಿ ಸಾಕಾದರು. ಸಲಿಕೆ ಸುಧಾರಿಸಿತೇ? ಖಂಡಿತ. ಆದರೆ ಕೆಲಸ ಮೂರೂವರೆ ಪಟ್ಟಿಗಿಂತ ಹೆಚ್ಚಾದಾಗ ಕೂಲಿ ಎರಡು ಪಟ್ಟೂ ಆಗಲಿಲ್ಲ ಎಂಬುದನ್ನು ಅವನ ಅಂಕಿಗಳೇ ಹೇಳುತ್ತವೆ. ಮನೆಗೆ ಹೋದ ನೂರಾರು ಜನರ ಬೆನ್ನು ಸಹ ಹಗುರವಾಯಿತು ಅನ್ನಿ.

ಇದರ ಪಕ್ಕಕ್ಕೆ 1929ರ ಇನ್ನೊಂದು ಕಾಗದ ಇಡುತ್ತೇನೆ. ಉತ್ತಮ ಚರಕವನ್ನು ರೂಪಿಸಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಎಂದು ಗಾಂಧೀಜಿಯ ಅಖಿಲ ಭಾರತ ಚರಕ ಸಂಘ ಪ್ರಕಟಿಸಿತು. ಅದರ ಷರತ್ತುಗಳನ್ನು ನಾನು ನೀತಿಶಾಸ್ತ್ರದ ಪಠ್ಯದಂತೆ ಓದುತ್ತೇನೆ. ಯಂತ್ರ ಹಗುರವಿರಬೇಕು. ಹಳ್ಳಿಯ ಗುಡಿಸಲಲ್ಲಿ ಕೈಯಿಂದಲೋ ಕಾಲಿಂದಲೋ ನಡೆಯಬೇಕು. ಹೆಚ್ಚು ದಣಿಯದೆ ಒಬ್ಬ ಹೆಂಗಸು ಎಂಟು ತಾಸು ಕೆಲಸ ಮಾಡುವಂತಿರಬೇಕು. ಬೆಲೆ 150 ರೂಪಾಯಿ ಮೀರಬಾರದು. ಇಪ್ಪತ್ತು ವರ್ಷ ಬಾಳಬೇಕು, ರಿಪೇರಿಯ ಖರ್ಚು ವರ್ಷಕ್ಕೆ ಬೆಲೆಯ ನೂರಕ್ಕೆ ಐದನ್ನು ದಾಟಬಾರದು. ನೂಲಿನ ಲೆಕ್ಕವೂ ಇತ್ತು, ಗಾಂಧಿ ಉತ್ಪಾದನೆಯನ್ನು ಮರೆತವರಲ್ಲ. ಆದರೆ ಹೆಂಗಸಿನ ದಣಿವು, ಅವಳ ಕಿಸೆ, ಅವಳ ಊರಿನ ರಿಪೇರಿ ಮೂರೂ ನೂಲಿನಷ್ಟೇ ಗಟ್ಟಿಯಾಗಿ ಅದೇ ಹಾಳೆಯಲ್ಲಿದ್ದವು. ಕಿರ್ಲೋಸ್ಕರವಾಡಿಯಲ್ಲಿ ತಯಾರಾದ ಚರಕವೊಂದು ಸ್ಪರ್ಧೆಗೆ ಹೋಗಿತ್ತು. ಕೊನೆಗೂ ಬಹುಮಾನ ಯಾರಿಗೂ ಸಿಗಲಿಲ್ಲ. ಅಷ್ಟು ಷರತ್ತು ಹಾಕಿದರೆ ಇನ್ನೇನಾದೀತು ಎಂದು ನಗಬಹುದು. ನನಗೆ ಮಾತ್ರ, ಸಿಗದ ಆ ಬಹುಮಾನ ಟೇಲರನ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ಜಿಲ್ಲೆಯವರಿಗೆ ದುಡಿಮೆಯ ಮಾತು ಬಂದರೆ ಕಾಯಕದ ಮಾತು ಬಾರದೆ ಇರದು, ಬಸವನ ಬಾಗೇವಾಡಿ ಇರುವ ಜಿಲ್ಲೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ಅಂಗಳ ಗುಡಿಸಿದ ಸತ್ಯಕ್ಕ, ಕಟ್ಟಿಗೆ ಹೊತ್ತ ಮೋಳಿಗೆ ಮಾರಯ್ಯ. ಮಾರಯ್ಯ ಮೊದಲು ಕಾಶ್ಮೀರದ ಅರಸನಾಗಿದ್ದನಂತೆ. ಹಿಮದ ನಾಡಿಗೂ ಈ ಬಿಸಿಲ ನಾಡಿಗೂ ನಮ್ಮ ಕಥೆಗಳಲ್ಲಿರುವ ನಂಟು ಬಹುಶಃ ಅದೊಂದೇ. ಆದರೆ ಕಾಯಕದ ಮಾತನ್ನು ಇಂದು ಕಚೇರಿಯ ಗೋಡೆಗಳಿಗೆ ತೂಗುಹಾಕಿದ ರೀತಿ ನನಗೆ ಕಸಿವಿಸಿ. ದುಡಿಮೆ ಪವಿತ್ರ ಎಂದಾದರೆ ದುಡಿಮೆಯ ನೋವೂ ಪವಿತ್ರ, ಅದನ್ನು ಕಡಿಮೆ ಮಾಡುವುದೇ ಸೋಮಾರಿತನ ಎಂಬ ಅರ್ಥ ಮೆಲ್ಲಗೆ ನುಸುಳುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಹಾಗೆ ಹೇಳುವುದಿಲ್ಲ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದವಳು ಅವಳು. ಇದನ್ನು ಆಸೆ ಬೇಡ ಎಂಬ ಪಾಠವಾಗಿಯೇ ಓದುತ್ತೇವೆ. ನನಗೆ ಅದರಲ್ಲಿ ಕಾಣುವುದು ಬೇರೆ: ಎಷ್ಟು ಸಾಕು ಎಂಬ ಅಳತೆಯನ್ನು ಅಲ್ಲಿ ಹೇಳುತ್ತಿರುವವಳು ದುಡಿಯುವ ಹೆಂಗಸು. ಅಳೆಯುವ ಕೈ ಅವಳದು.

ಉಪಕರಣದ ವೇಗವೇ ನೀತಿಯಾಗುವ ಗಳಿಗೆಯೂ ಇದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನದ ಮೇಲೆ ಅವರಲ್ಲೊಬ್ಬರಾದ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನಮ್ಮೂರ ಗುಡಿಗಳಲ್ಲೂ ಅವರಿಗಾಗಿ ದೀಪ ಹಚ್ಚಿದ್ದರು. ಹಿಮದಡಿ ಸಿಕ್ಕವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ತಾಸು ದಾಟಿದರೆ ಮೂರ್ನಾಲ್ಕು ಮಂದಿಯಷ್ಟೇ. ಅಲ್ಲಿ ಬೇಗ ಬಾಚುವ ಸಲಿಕೆಯೇ ಒಳ್ಳೆಯ ಸಲಿಕೆ, ವಾದವಿಲ್ಲ. ಆದರೆ ಇಂಥ ರಕ್ಷಣೆಯಲ್ಲಿ ಆದ ದೊಡ್ಡ ಸುಧಾರಣೆಗಳಲ್ಲೊಂದು ಸಲಿಕೆಯದಲ್ಲ, ಜನ ನಿಲ್ಲುವ ಬಗೆಯದು. ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಗೆನ್ಸ್‌ವೈನ್ ಹೇಳಿಕೊಟ್ಟ ಕ್ರಮದಲ್ಲಿ ಅಗೆಯುವವರು ಇಂಗ್ಲಿಷಿನ ವಿ ಅಕ್ಷರದಂತೆ ನಿಲ್ಲುತ್ತಾರೆ. ತುದಿಯಲ್ಲಿರುವವರು ಕೊರೆದು ಹಿಂದಕ್ಕೆ ತಳ್ಳಿದರೆ ಹಿಂದಿನವರು ಅದನ್ನು ಎತ್ತದೆ ಹಿಂದಕ್ಕೆ ಜಾರಿಸುತ್ತ ಹೋಗುತ್ತಾರೆ. ಎಲ್ಲಕ್ಕಿಂತ ಕಷ್ಟ ತುದಿಯ ಜಾಗ. ಅದಕ್ಕೇ ಕೆಲವು ನಿಮಿಷಕ್ಕೊಮ್ಮೆ ಎಲ್ಲರೂ ಒಂದೊಂದು ಜಾಗ ಸರಿಯುತ್ತಾರೆ. ಸರಿಯಿರಿ ಎಂದು ಕೂಗುವ ಅಧಿಕಾರ ತುದಿಯಲ್ಲಿ ದಣಿದವನದು. ಹಿಂದೆ ನಿಂತು ಗಡಿಯಾರ ನೋಡುವ ಮೇಲ್ವಿಚಾರಕನದಲ್ಲ. ಜೀವ ಉಳಿಸುವ ಅವಸರದಲ್ಲೂ ದಣಿದವನ ಮಾತೇ ನಡೆಯುವ ಏರ್ಪಾಡು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ ಎಂಬುದು ನನಗೆ ಟೇಲರನಿಗೆ ಕೊಟ್ಟ ಉತ್ತರದಂತೆ ಕೇಳಿಸಿತು.

ಕುರ್ಪಿಯಲ್ಲಿ ಏನು ಬದಲಾಗಬೇಕು ಎಂದು ಓಣಿಯವರನ್ನು ಕೇಳಿದಾಗ ಬಂದ ಉತ್ತರಗಳು ಚಿಕ್ಕವು. ಬೆವರಿಗೆ ಹಿಡಿಕೆ ಜಾರುತ್ತದೆ, ಹಾಗಾಗಿ ಕೆಲವರು ಸೈಕಲ್ ಟ್ಯೂಬು ಸುತ್ತಿಕೊಂಡಿದ್ದಾರೆ. ಹಿಡಿಕೆ ಇನ್ನೊಂದಿಷ್ಟು ದಪ್ಪ ಇದ್ದರೆ ಬೆರಳಿನ ಸಂದು ಹಿಡಿಯುವುದಿಲ್ಲ. ಅಲಗಿನ ಬಗ್ಗು ತುಸು ಬದಲಾದರೆ ಮಣಿಕಟ್ಟು ತಿರುಚುವುದು ತಪ್ಪುತ್ತದೆ. ಎಡಗೈಗೆ ಮುಳ್ಳು ತಾಗದಂತೆ ಏನಾದರೂ ಬೇಕು. ಸಾಲಿನ ನಡುವಿನದಕ್ಕೆ ಎಡೆಕುಂಟಿ ಬರಲಿ, ಆದರೆ ನಮ್ಮ ಕೈಗೆ ಕೊಡಲಿ, ಗುತ್ತಿಗೆಗೆ ಕೊಡಲಿ. ಮಧ್ಯಾಹ್ನ ಒಂದು ತಾಸು ಕಾಲು ಚಾಚಿ ಕೂರಲು ಬಿಡಲಿ. ಕೊನೆಯದು ಕುರ್ಪಿಯದಲ್ಲವಲ್ಲ ಎಂದಾಗ "ಮೊಣಕಾಲು ಕುರ್ಪೀನ ಹಿಡಿಕಿ ಅಲ್ಲೇನು?" ಎಂದು ಅತ್ತಿ ತಿರುಗಿ ಕೇಳಿದಳು.

ಅವರು ಹೇಳಿದ ಅಳತೆಗೆ ಕಂಬಾರ ಕಾಕಾನ ಬಳಿ ಒಂದು ಕುರ್ಪಿ ಮಾಡಿಸಿದೆ. ಸಂತೆಯದಕ್ಕಿಂತ ನಲವತ್ತು ರೂಪಾಯಿ ಹೆಚ್ಚಾಯಿತು. ಅದು ಈಗ ಓಣಿಯಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ. ಇಬ್ಬರು ಅಲಗನ್ನು ಇನ್ನಷ್ಟು ತಿದ್ದಿಸಬೇಕು ಅಂದಿದ್ದಾರೆ. ಹೆಚ್ಚಿನ ನಲವತ್ತು ರೂಪಾಯಿಯನ್ನು ಹೊಲದವರು ಕೊಡಬೇಕೋ ಕೂಲಿಯವರೇ ಹಾಕಬೇಕೋ ಎಂಬ ಮಾತು ಕಟ್ಟೆಯ ಮೇಲೆ ಶುರುವಾಗಿದೆ, ಇನ್ನೂ ಮುಗಿದಿಲ್ಲ.